ಮೂಲ ತಂತ್ರಾಂಶದ ಸ್ಮಾರ್ಟ್‌ಫೋನ್: ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಅರಿಯಬೇಕಾದ ಸಂಗತಿಗಳು

ವರ್ತಕನ ಕೈಯಲ್ಲಿರುವ ದೂರವಾಣಿಯು ಇಂದು ಕೇವಲ ಮಾತನಾಡುವ ಸಾಧನವಾಗಿ ಉಳಿದಿಲ್ಲ. ಅನ್ನಪೂರ್ಣೇಶ್ವರಿ ನಗರದ ಯಾವುದೇ ದಿನಸಿ ಅಂಗಡಿ, ಔಷಧಿ ಅಂಗಡಿ ಅಥವಾ ಹಾರ್ಡ್‌ವೇರ್ ಮಳಿಗೆಯನ್ನು ಪ್ರವೇಶಿಸಿದರೂ ಯುಪಿಐ ಹಣ ಜಮೆಯಾದ ಸೂಚನೆ, ಸಗಟು ವ್ಯಾಪಾರಿಗೆ ಕಳುಹಿಸುವ ಬೇಡಿಕೆಯ ಪಟ್ಟಿ, ಜಿಎಸ್‌ಟಿ ಜಾಲತಾಣದ ಒಟಿಪಿ, ಬ್ಯಾಂಕಿನ ಖಾತೆ ಎಲ್ಲವೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಒಂದು ಸ್ಮಾರ್ಟ್‌ಫೋನಿನ ಮೂಲಕವೇ ನಡೆಯುತ್ತಿರುವುದು ಕಂಡುಬರುತ್ತದೆ. ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ಪೀಣ್ಯಗಳ ಸಣ್ಣ ಕಾರ್ಖಾನೆಗಳಲ್ಲಿಯೂ ಸ್ಥಿತಿ ಇದೇ ಆಗಿದ್ದು, ಇ-ವೇ ಬಿಲ್ ಚಾಲಕನ ಫೋನಿಗೆ ಹೋಗುತ್ತದೆ, ಬಿಡಿಭಾಗದ ನಕ್ಷೆ ಮೇಸ್ತ್ರಿಯ ಫೋನಿಗೆ ಬರುತ್ತದೆ. 2025ರ ಜುಲೈ ತಿಂಗಳಿನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಅಂಕಿಅಂಶಗಳನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ, ಫೋನಿನಲ್ಲಿ ನಡೆಯುವ ವಹಿವಾಟು ಲೆಕ್ಕದ ಪುಸ್ತಕಕ್ಕೆ ಸಮಾನವೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಹೀಗಿದ್ದರೂ ಫೋನ್ ಖರೀದಿಸುವಾಗ ನಾವು ಕೇಳುವ ಪ್ರಶ್ನೆಗಳು ಮೂರೇ: ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಮೆಮೊರಿ ಎಷ್ಟು, ಬೆಲೆ ಎಷ್ಟು. ಅದರೊಳಗಿನ ತಂತ್ರಾಂಶವು ಯಾರದು, ಅದನ್ನು ಎಷ್ಟು ವರ್ಷ ದುರಸ್ತಿ ಮಾಡಿಕೊಡುತ್ತಾರೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಈ ಲೇಖನವು ಆ ನಾಲ್ಕನೆಯ ಪ್ರಶ್ನೆಗೆ ಸಂಬಂಧಿಸಿದ್ದಾಗಿದೆ. ಆಪಲ್ ಸಂಸ್ಥೆಯು ಯಂತ್ರ ಹಾಗೂ ತಂತ್ರಾಂಶ ಎರಡನ್ನೂ ತಾನೇ ರೂಪಿಸುವುದರಿಂದ ಐಫೋನಿಗೆ ಈ ಚರ್ಚೆ ಅನ್ವಯಿಸುವುದಿಲ್ಲ.

ಮೂಲ ಯಾವುದು, ಮಾರ್ಪಾಡು ಯಾವುದು

ಆಂಡ್ರಾಯ್ಡ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಗೂಗಲ್ ಸಂಸ್ಥೆಯು ಸಿದ್ಧಪಡಿಸಿ ಅದರ ಮೂಲ ಸಂಕೇತವನ್ನು ಮುಕ್ತವಾಗಿ ಬಿಡುಗಡೆ ಮಾಡುತ್ತದೆ. ಯಾವ ತಯಾರಕನಾದರೂ ಅದನ್ನು ಪಡೆದು ತನ್ನ ಫೋನಿಗೆ ಅಳವಡಿಸಿಕೊಳ್ಳಬಹುದು, ಬೇಕಾದಂತೆ ಬದಲಾಯಿಸಿಕೊಳ್ಳಲೂಬಹುದು. ಹೆಚ್ಚು ಬದಲಾವಣೆಯಿಲ್ಲದೆ ಅಳವಡಿಸಿದ್ದನ್ನು ಪೇಟೆಯಲ್ಲಿ ‘ಸ್ಟಾಕ್ ಆಂಡ್ರಾಯ್ಡ್’ ಎನ್ನುತ್ತಾರೆ. (ವರ್ತಕರಿಗೆ ಸ್ಟಾಕ್ ಎಂದರೆ ಗೋದಾಮಿನ ದಾಸ್ತಾನು; ಇಲ್ಲಿ ‘ಇದ್ದದ್ದು ಇದ್ದ ಹಾಗೆ’ ಎಂದು ಅರ್ಥ ಮಾಡಿಕೊಂಡರೆ ಸಾಕು.) ಅದರ ಮೇಲೆ ತಯಾರಕರು ತಮ್ಮದೇ ಆದ ಪರದೆಯ ವಿನ್ಯಾಸ, ತಮ್ಮದೇ ಆಪ್ ಮಳಿಗೆ, ತಮ್ಮದೇ ಬ್ರೌಸರ್, ವಿದ್ಯುತ್ ಉಳಿತಾಯದ ತಮ್ಮದೇ ನಿಯಮಗಳನ್ನು ಹೊದಿಸಿದಾಗ ಅದು ಮಾರ್ಪಡಿಸಿದ ತಂತ್ರಾಂಶವಾಗುತ್ತದೆ. ಸ್ಯಾಮ್‌ಸಂಗ್‌ನ ಒನ್ ಯುಐ, ಶಿಯೋಮಿಯ ಹಿಂದಿನ ಎಂಐಯುಐ ಮತ್ತು 2023ರ ಅಂತ್ಯದಿಂದ ಅದರ ಸ್ಥಾನಕ್ಕೆ ಬಂದ ಹೈಪರ್ ಓಎಸ್, ಒಪ್ಪೋದ ಕಲರ್ ಓಎಸ್ ಇವೆಲ್ಲವೂ ಈ ವರ್ಗಕ್ಕೆ ಸೇರಿದವು.

ಯಶವಂತಪುರದ ಎಪಿಎಂಸಿ ಪ್ರಾಂಗಣದಲ್ಲಿ ವ್ಯವಹರಿಸುವವರಿಗೆ ಈ ಭೇದವನ್ನು ವಿವರಿಸುವುದು ಸುಲಭ. ಗಿರಣಿಯಲ್ಲಿ ಹೊಲಿದು ಮೊಹರು ಮಾಡಿದ ಅಕ್ಕಿಮೂಟೆ ಒಂದು. ಅದೇ ಮೂಟೆಯನ್ನು ನಡುವೆ ಬಿಚ್ಚಿ, ಬೇರೆ ತಳಿಯನ್ನೂ ಸೇರಿಸಿ, ತನ್ನ ಹೆಸರಿನ ಚೀಲಕ್ಕೆ ತುಂಬಿ ಮಾರುವುದು ಇನ್ನೊಂದು. ಎರಡನೆಯದು ಕೆಟ್ಟದ್ದೇ ಆಗಬೇಕೆಂದಿಲ್ಲ. ಕೆಲವೊಮ್ಮೆ ಗಿರಾಕಿಯ ರುಚಿಗೆ ಅದೇ ಹೆಚ್ಚು ಹೊಂದಬಹುದು. ಆದರೆ ಗುಣಮಟ್ಟದ ಹೊಣೆ ಗಿರಣಿಯಿಂದ ಚೀಲ ತುಂಬಿದವನಿಗೆ ವರ್ಗವಾಗುತ್ತದೆ, ಮತ್ತು ಗಿರಣಿಯಿಂದ ಹೊಸ ಸರಕು ಬಂದಾಗಲೆಲ್ಲ ಚೀಲ ತುಂಬುವವನು ತನ್ನ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ತಡವಾಗುವುದು ಏಕೆ

ಈ ಎರಡನೆಯ ಅಂಶವೇ ವ್ಯಾಪಾರಸ್ಥರಿಗೆ ಮುಖ್ಯವಾದುದು. ತಂತ್ರಾಂಶದಲ್ಲಿ ಭದ್ರತಾ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ. 2015ರಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ದೋಷವು ಬಹಿರಂಗವಾದಾಗ, ಒಂದು ಎಂಎಂಎಸ್ ಸಂದೇಶದ ಮೂಲಕವೇ ಪರರ ಫೋನಿನೊಳಗೆ ನುಸುಳಬಹುದೆಂಬುದು ತಿಳಿದುಬಂದು ಜಗತ್ತಿನಾದ್ಯಂತ ಕೋಲಾಹಲವಾಯಿತು. ಅದೇ ವರ್ಷದ ಆಗಸ್ಟ್‌ನಿಂದ ಗೂಗಲ್ ಪ್ರತಿ ತಿಂಗಳೂ ಭದ್ರತಾ ತಿದ್ದುಪಡಿಗಳನ್ನು ಪ್ರಕಟಿಸುವ ಪದ್ಧತಿಯನ್ನು ಆರಂಭಿಸಿತು. ಆದರೆ ಗೂಗಲ್ ಪ್ರಕಟಿಸಿದ ಮಾತ್ರಕ್ಕೆ ತಿದ್ದುಪಡಿಯು ನಮ್ಮ ಫೋನಿಗೆ ಬಂದು ಸೇರುವುದಿಲ್ಲ. ಕ್ವಾಲ್‌ಕಾಮ್, ಮೀಡಿಯಾಟೆಕ್ ಮೊದಲಾದ ಚಿಪ್ ತಯಾರಕರು ಅದನ್ನು ತಮ್ಮ ಚಿಪ್‌ಗಳಿಗೆ ಹೊಂದಿಸಬೇಕು. ನಂತರ ಫೋನ್ ತಯಾರಕರು ತಮ್ಮ ಹೊದಿಕೆಯೊಡನೆ ಅದನ್ನು ಬೆಸೆದು, ಪ್ರತಿ ಮಾದರಿಯಲ್ಲಿಯೂ ಪರೀಕ್ಷಿಸಿ, ಹಂತಹಂತವಾಗಿ ಬಿಡುಗಡೆ ಮಾಡಬೇಕು. ವರ್ಷಕ್ಕೆ ಹತ್ತಾರು ಮಾದರಿಗಳನ್ನು ಮಾರುಕಟ್ಟೆಗೆ ತರುವ ಸಂಸ್ಥೆಗೆ, ಕಳೆದ ವರ್ಷ ಹತ್ತು ಸಾವಿರ ರೂಪಾಯಿಗೆ ಮಾರಿದ ಫೋನಿನ ಮೇಲೆ ಇಷ್ಟೊಂದು ದುಡಿಮೆ ಹಾಕುವುದು ಲಾಭದಾಯಕವಲ್ಲ. ಹೊದಿಕೆ ದಪ್ಪವಾದಷ್ಟೂ ದುಡಿಮೆ ಹೆಚ್ಚುತ್ತದೆ, ದುಡಿಮೆ ಹೆಚ್ಚಿದಷ್ಟೂ ವಿಳಂಬ ಹೆಚ್ಚುತ್ತದೆ, ಕೊನೆಗೆ ತಿದ್ದುಪಡಿಯೇ ನಿಂತುಹೋಗುತ್ತದೆ.

ಗೂಗಲ್ ಸಂಸ್ಥೆಗೂ ಇದರ ಅರಿವಿತ್ತು. 2017ರ ಆಂಡ್ರಾಯ್ಡ್ 8ರಲ್ಲಿ ‘ಟ್ರೆಬಲ್’ ಎಂಬ ವ್ಯವಸ್ಥೆಯ ಮೂಲಕ ಚಿಪ್‌ಗೆ ಸಂಬಂಧಿಸಿದ ಭಾಗವನ್ನು ಉಳಿದ ತಂತ್ರಾಂಶದಿಂದ ಬೇರ್ಪಡಿಸಲಾಯಿತು. 2019ರ ಆಂಡ್ರಾಯ್ಡ್ 10ರಿಂದ ಕೆಲವು ಭಾಗಗಳನ್ನು ತಯಾರಕರ ಹಂಗಿಲ್ಲದೆ ಪ್ಲೇ ಸ್ಟೋರ್ ಮೂಲಕ ನೇರವಾಗಿ ನವೀಕರಿಸಲು ಅವಕಾಶವಾಯಿತು. ಇದರಿಂದ ಪರಿಸ್ಥಿತಿಯು ಬಹುಮಟ್ಟಿಗೆ ಸುಧಾರಿಸಿದೆಯಾದರೂ ತಯಾರಕರ ಪಾತ್ರವು ಪೂರ್ತಿಯಾಗಿ ತಪ್ಪಿಲ್ಲ.

ಭಾರತದಲ್ಲಿ ನಡೆದ ಪ್ರಯೋಗ

ಮೂಲ ತಂತ್ರಾಂಶವನ್ನು ಅಗ್ಗದ ಫೋನಿಗೆ ತರುವ ಮೊದಲ ದೊಡ್ಡ ಪ್ರಯೋಗವು ನಡೆದದ್ದು ನಮ್ಮ ದೇಶದಲ್ಲಿಯೇ. 2014ರ ಸೆಪ್ಟೆಂಬರ್ 15ರಂದು ‘ಆಂಡ್ರಾಯ್ಡ್ ಒನ್’ ಎಂಬ ಯೋಜನೆಯಡಿ ಮೈಕ್ರೋಮ್ಯಾಕ್ಸ್, ಸ್ಪೈಸ್ ಮತ್ತು ಕಾರ್ಬನ್ ಸಂಸ್ಥೆಗಳು ತಲಾ ಒಂದು ಫೋನನ್ನು ಬಿಡುಗಡೆ ಮಾಡಿದವು. ಇವುಗಳಲ್ಲಿ ಕಾರ್ಬನ್ ಸಂಸ್ಥೆಯು ಬೆಂಗಳೂರಿನ ಯುಟಿಎಲ್ ಸಮೂಹ ಹಾಗೂ ದೆಹಲಿಯ ಜೈನಾ ಸಮೂಹ ಸೇರಿ ಸ್ಥಾಪಿಸಿದ್ದೆಂಬುದು ಕನ್ನಡಿಗ ಉದ್ದಿಮೆದಾರರಿಗೆ ಆಸಕ್ತಿಯ ವಿಷಯ. ಆರಂಭಿಕ ಬೆಲೆ ರೂ. 6,399ರ ಆಸುಪಾಸಿನಲ್ಲಿತ್ತು. 4.5 ಅಂಗುಲದ ಪರದೆ, 1 ಜಿಬಿ ರ‍್ಯಾಮ್, 4 ಜಿಬಿ ಸಂಗ್ರಹ ಇಷ್ಟೇ ಅದರ ಬಂಡವಾಳ. ಯಂತ್ರಭಾಗವನ್ನು ತಯಾರಕರು ಒದಗಿಸಿದರೆ, ತಂತ್ರಾಂಶದ ನವೀಕರಣದ ಹೊಣೆಯನ್ನು ಗೂಗಲ್ ವಹಿಸಿಕೊಂಡಿತ್ತು.

ಮಾರಾಟದ ದೃಷ್ಟಿಯಿಂದ ಈ ಯೋಜನೆಯು ನಿರೀಕ್ಷಿಸಿದಷ್ಟು ಯಶಸ್ವಿಯಾಗಲಿಲ್ಲ. ಅದೇ ಬೆಲೆಗೆ ಹೆಚ್ಚಿನ ಯಂತ್ರಬಲವುಳ್ಳ ಫೋನುಗಳು ಆನ್‌ಲೈನಿನಲ್ಲಿ ದೊರೆಯುತ್ತಿದ್ದವು. ಆದರೆ ತಂತ್ರಾಂಶದ ವಿಷಯದಲ್ಲಿ ಕೊಟ್ಟ ಮಾತು ನಡೆಯಿತು: ಆಂಡ್ರಾಯ್ಡ್ 4.4ರೊಂದಿಗೆ ಮಾರಾಟವಾದ ಆ ಫೋನುಗಳಿಗೆ 2015ರಲ್ಲಿ 5.1 ಹಾಗೂ ನಂತರ 6.0 ಆವೃತ್ತಿಗಳು ದೊರೆತವು. ಆ ಬೆಲೆಯ ಫೋನಿಗೆ ಆ ಕಾಲದಲ್ಲಿ ಇದು ಅಪರೂಪವೇ ಸರಿ.

ಇದರಲ್ಲಿ ಕನ್ನಡಕ್ಕೆ ಸಂಬಂಧಿಸಿದ ಮಾತೊಂದಿದೆ. ಫೋನಿನ ಇಡೀ ಪರದೆಯನ್ನು ಕನ್ನಡದಲ್ಲಿ ನೋಡುವ ಸೌಲಭ್ಯವು ಆಂಡ್ರಾಯ್ಡ್‌ಗೆ ಬಂದದ್ದು 2014ರ ಅಂತ್ಯದಲ್ಲಿ ಬಿಡುಗಡೆಯಾದ 5.0 ಆವೃತ್ತಿಯಲ್ಲಿ. ತಮಿಳು, ತೆಲುಗು, ಮಲಯಾಳ, ಮರಾಠಿ, ಬಂಗಾಳಿಗಳೂ ಆಗಲೇ ಸೇರ್ಪಡೆಯಾದವು. ಆದುದರಿಂದ ಆಂಡ್ರಾಯ್ಡ್ ಒನ್ ಫೋನನ್ನು ಕೊಂಡಿದ್ದವನಿಗೆ ಮರುವರ್ಷವೇ ಹಣ ಖರ್ಚಿಲ್ಲದೆ ಆ ಸೌಲಭ್ಯ ದೊರೆಯಿತು. ನವೀಕರಣವೇ ಇಲ್ಲದ ಫೋನನ್ನು ಕೊಂಡಿದ್ದವನು ತಯಾರಕನು ತಾನಾಗಿ ಕನ್ನಡವನ್ನು ಅಳವಡಿಸಿರದಿದ್ದರೆ ಹೊಸ ಫೋನ್ ಕೊಳ್ಳುವವರೆಗೆ ಕಾಯಬೇಕಾಯಿತು. ನವೀಕರಣವೆಂದರೆ ಭದ್ರತೆ ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. ಇಂಗ್ಲಿಷ್ ಓದಲು ತೊಡಕುಪಡುವ ನೌಕರನಿಗೆ ಫೋನನ್ನು ಕನ್ನಡದಲ್ಲಿ ಇಟ್ಟುಕೊಟ್ಟರೆ ಕೆಲಸ ಎಷ್ಟು ಹಗುರವಾಗುತ್ತದೆ ಎಂಬುದನ್ನು ಪ್ರಯತ್ನಿಸಿದವರೇ ಬಲ್ಲರು.

2017ರ ಸೆಪ್ಟೆಂಬರ್‌ನಲ್ಲಿ, ಭಾರತೀಯ ಕೇಂದ್ರ ಕಚೇರಿಯನ್ನು ಬೆಂಗಳೂರಿನಲ್ಲಿ ಹೊಂದಿರುವ ಶಿಯೋಮಿಯು ತನ್ನ ಹೊದಿಕೆಯನ್ನು ಬದಿಗಿಟ್ಟು ರೂ. 14,999ಕ್ಕೆ ಮಿ ಎ1 ಎಂಬ ಆಂಡ್ರಾಯ್ಡ್ ಒನ್ ಫೋನನ್ನು ತಂದಿತು. ನೋಕಿಯಾ ಹೆಸರಿನ ಫೋನುಗಳನ್ನು ತಯಾರಿಸುತ್ತಿದ್ದ ಎಚ್‌ಎಂಡಿ ಗ್ಲೋಬಲ್ 2018ರಿಂದ ಇದೇ ಮಾರ್ಗ ಹಿಡಿಯಿತು. ಎರಡು ವರ್ಷ ಆವೃತ್ತಿಯ ನವೀಕರಣ, ಮೂರು ವರ್ಷ ಭದ್ರತಾ ತಿದ್ದುಪಡಿ ಎಂಬುದು ಆಗಿನ ಭರವಸೆ. ಆದರೆ ಮಿ ಎ3ರ ಕಥೆ ಬೇರೆ. 2021ರ ಜನವರಿಯಲ್ಲಿ ಅದಕ್ಕೆ ಬಂದ ಆಂಡ್ರಾಯ್ಡ್ 11ರ ನವೀಕರಣವು ಅನೇಕರ ಫೋನುಗಳನ್ನು ನಿರ್ಜೀವಗೊಳಿಸಿತು. ಸಂಸ್ಥೆಯು ಅದನ್ನು ಹಿಂತೆಗೆದುಕೊಂಡು ಉಚಿತವಾಗಿ ಸರಿಪಡಿಸಿಕೊಡಬೇಕಾಯಿತು. ತಂತ್ರಾಂಶವು ಮೂಲರೂಪದಲ್ಲಿದ್ದ ಮಾತ್ರಕ್ಕೆ ಅದನ್ನು ಪರೀಕ್ಷಿಸಿ ಕಳುಹಿಸುವವರ ಶ್ರದ್ಧೆಯೂ ಜೊತೆಗೆ ಬರುವುದಿಲ್ಲ. ಮೊದಲಿನ ರೂಪದ ಆಂಡ್ರಾಯ್ಡ್ ಒನ್ ಫೋನುಗಳು ಈಗ ಮಾರುಕಟ್ಟೆಯಿಂದ ಮರೆಯಾಗಿವೆ.

ಒನ್‌ಪ್ಲಸ್ ಪ್ರಕರಣದಿಂದ ತಿಳಿಯುವುದು

ಬೆಂಗಳೂರಿನಿಂದಲೇ ಭಾರತದ ವ್ಯವಹಾರ ನಡೆಸುವ ಒನ್‌ಪ್ಲಸ್ ಸಂಸ್ಥೆಯ ಇತಿಹಾಸವೂ ಪರಿಶೀಲನಾರ್ಹ. 2014ರ ಡಿಸೆಂಬರ್‌ನಲ್ಲಿ ಅದರ ಮೊದಲ ಫೋನು ಸೈನೋಜನ್ ಎಂಬ ಮೂರನೆಯವರ ತಂತ್ರಾಂಶದೊಂದಿಗೆ ಇಲ್ಲಿಗೆ ಬಂದಿತು. ಆದರೆ ಭಾರತದಲ್ಲಿ ಆ ತಂತ್ರಾಂಶದ ಏಕಮಾತ್ರ ಹಕ್ಕನ್ನು ಮೈಕ್ರೋಮ್ಯಾಕ್ಸ್ ಪಡೆದುಕೊಂಡಿದ್ದು, ವ್ಯಾಜ್ಯವು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ ಕೆಲ ದಿನ ಮಾರಾಟಕ್ಕೆ ತಡೆಯೂ ಉಂಟಾಯಿತು. ಮರುವರ್ಷ ಸಂಸ್ಥೆಯು ಮೂಲ ಆಂಡ್ರಾಯ್ಡ್‌ಗೆ ಅತಿ ಸಮೀಪವಾದ ಆಕ್ಸಿಜನ್ ಓಎಸ್ ಅನ್ನು ತಾನೇ ರೂಪಿಸಿಕೊಂಡಿತು. ಹಗುರವಾದ, ಜಾಹೀರಾತಿನ ಗೊಡವೆಯಿಲ್ಲದ ಆ ತಂತ್ರಾಂಶವನ್ನು ಮೆಚ್ಚಿಯೇ ಆ ಫೋನನ್ನು ಕೊಂಡವರು ಬಹಳ ಮಂದಿ. ಆದರೆ 2021ರಲ್ಲಿ ಅದರ ಮೂಲ ಸಂಕೇತವನ್ನು ಒಪ್ಪೋದ ಕಲರ್ ಓಎಸ್‌ನೊಂದಿಗೆ ಒಂದುಗೂಡಿಸಲಾಯಿತು. ಫೋನಿನ ಹೆಸರು ಅದೇ, ಪೆಟ್ಟಿಗೆಯೂ ಅದೇ, ಒಳಗಿನ ಸರಕು ಮಾತ್ರ ಬದಲಾಯಿತು. ಪೂರೈಕೆದಾರರನ್ನು ಆಗಾಗ ಮರುಪರಿಶೀಲಿಸುವ ವರ್ತಕನ ಅಭ್ಯಾಸವು ಇಲ್ಲಿಯೂ ಉಪಯುಕ್ತ.

ಮೊದಲೇ ತುಂಬಿರುವ ಆಪ್‌ಗಳು

ಹೊಸ ಫೋನನ್ನು ತೆರೆದೊಡನೆ ನಾವು ಕೇಳದೆಯೇ ಹತ್ತಿಪ್ಪತ್ತು ಆಪ್‌ಗಳು ಕಾಣಿಸುವುದು ಎಲ್ಲರ ಅನುಭವ. ಆಟಗಳು, ಸುದ್ದಿ, ಸಾಲ ಕೊಡುವ ಆಪ್, ಎರಡನೆಯ ಬ್ರೌಸರ್ ಇತ್ಯಾದಿ. ಇವು ತಯಾರಕರ ಔದಾರ್ಯವಲ್ಲ; ಇದರಲ್ಲಿ ಲೆಕ್ಕಾಚಾರವಿದೆ. 2018ರಲ್ಲಿ ಶಿಯೋಮಿ ಸಂಸ್ಥೆಯು ಯಂತ್ರಾಂಶದ ಮಾರಾಟದಿಂದ ಬರುವ ನಿವ್ವಳ ಲಾಭವನ್ನು ಶೇ. 5ಕ್ಕೆ ಮಿತಿಗೊಳಿಸುವುದಾಗಿ ಸಾರ್ವಜನಿಕವಾಗಿ ಘೋಷಿಸಿತು. ಹಾಗಾದರೆ ಗಳಿಕೆ ಎಲ್ಲಿಂದ? ಜಾಹೀರಾತು, ಆಪ್ ಮಳಿಗೆ ಮೊದಲಾದ ಅಂತರಜಾಲ ಸೇವೆಗಳಿಂದ. ಕಡಿಮೆ ಬೆಲೆಗೆ ಫೋನ್ ಕೊಟ್ಟು ಪರದೆಯ ಜಾಗವನ್ನು ಬಾಡಿಗೆಗೆ ಕೊಡುವ ಈ ವ್ಯಾಪಾರದಲ್ಲಿ ಅಕ್ರಮವೇನೂ ಇಲ್ಲ. ಅಂಗಡಿಯ ಮುಂಗಟ್ಟಿನ ಮೇಲೆ ತಂಪುಪಾನೀಯ ಕಂಪನಿಯ ಫಲಕ ಹಾಕಿಸಿಕೊಳ್ಳುವುದು ನಮಗೇನು ಹೊಸದೇ? ಆದರೆ ಅಲ್ಲಿ ಫಲಕದ ಪ್ರಯೋಜನವು ಅಂಗಡಿಯವನಿಗೆ ಸೇರುತ್ತದೆ. ಇಲ್ಲಿ ಫೋನಿನ ಮಾಲೀಕನಿಗೆ ದೊರೆಯುವುದು ಖರೀದಿಯ ದಿನದ ರಿಯಾಯಿತಿ ಮಾತ್ರ, ಕಿರಿಕಿರಿ ಮಾತ್ರ ವರ್ಷಗಟ್ಟಲೆ.

ಇಂತಹ ಆಪ್‌ಗಳಲ್ಲಿ ಹಲವನ್ನು ಅಳಿಸಿಹಾಕಲು ಬರುವುದಿಲ್ಲ. ಅವು ಫೋನಿನ ‘ಸಿಸ್ಟಮ್’ ಭಾಗದಲ್ಲಿ ಕುಳಿತಿರುವುದರಿಂದ ನಿಷ್ಕ್ರಿಯಗೊಳಿಸಬಹುದೇ ಹೊರತು ಅವು ಹಿಡಿದಿರುವ ಜಾಗವು ಮರಳಿ ದೊರೆಯುವುದಿಲ್ಲ. ಇದಕ್ಕಿಂತ ಗಂಭೀರವಾದುದು ಅನುಮತಿಯ ವಿಷಯ. ನಾವು ಪ್ಲೇ ಸ್ಟೋರ್‌ನಿಂದ ಇಳಿಸಿಕೊಂಡ ಆಪ್ ನಮ್ಮ ಸಂಪರ್ಕಪಟ್ಟಿಯನ್ನು ನೋಡಬೇಕಾದರೆ ನಮ್ಮನ್ನು ಕೇಳಬೇಕು. ತಯಾರಕರು ಮೊದಲೇ ಅಳವಡಿಸಿದ ಆಪ್‌ಗೆ ಕೇಳದೆಯೇ ವಿಶೇಷ ಅಧಿಕಾರ ದೊರೆತಿರಬಹುದು. ಸ್ಪೇನ್ ದೇಶದ ಐಎಂಡಿಇಎ ನೆಟ್‌ವರ್ಕ್ಸ್ ಸಂಸ್ಥೆಯ ಸಂಶೋಧಕರೂ ಇತರರೂ ಸೇರಿ 200ಕ್ಕೂ ಹೆಚ್ಚು ತಯಾರಕರ 1,700ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿ 2019ರಲ್ಲಿ ಹೊರತಂದ ಅಧ್ಯಯನವು, ಇಂತಹ ಆಪ್‌ಗಳ ಮೂಲಕ ಬಳಕೆದಾರರ ಮಾಹಿತಿಯು ಮೂರನೆಯವರಿಗೆ ಹೋಗುವ ಬಗೆಯನ್ನು ವಿವರವಾಗಿ ದಾಖಲಿಸಿತು. ಗಿರಾಕಿಗಳ ದೂರವಾಣಿ ಸಂಖ್ಯೆ, ಪೂರೈಕೆದಾರರ ಪಟ್ಟಿ ಇವು ವರ್ತಕನ ಆಸ್ತಿ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಬಾರದ ಸೂಚನೆಗಳು

ದಿನನಿತ್ಯದ ವ್ಯಾಪಾರದಲ್ಲಿ ಬಹಳ ತೊಂದರೆ ಕೊಡುವ, ಆದರೆ ಕಾರಣ ತಿಳಿಯದೆ ಉಳಿಯುವ ಅಂಶವೊಂದಿದೆ. ಬ್ಯಾಟರಿ ಹೆಚ್ಚು ಹೊತ್ತು ಬಾಳಿತೆಂದು ತೋರಿಸುವ ಸಲುವಾಗಿ ಅನೇಕ ಮಾರ್ಪಡಿಸಿದ ತಂತ್ರಾಂಶಗಳು ಹಿನ್ನೆಲೆಯಲ್ಲಿ ನಡೆಯುತ್ತಿರುವ ಆಪ್‌ಗಳನ್ನು ತಾವಾಗಿಯೇ ನಿಲ್ಲಿಸಿಬಿಡುತ್ತವೆ. ಪರದೆ ಆರಿದ ಸ್ವಲ್ಪ ಹೊತ್ತಿನಲ್ಲಿ ಹಣ ಜಮೆಯ ಸೂಚನೆ, ವಿತರಣಾ ಹುಡುಗನ ಸ್ಥಳಮಾಹಿತಿ, ಕಾರ್ಖಾನೆಯ ಹಾಜರಾತಿ ಆಪ್, ಸಿಸಿಟಿವಿಯ ಎಚ್ಚರಿಕೆ ಇವೆಲ್ಲ ಮೌನವಾಗುತ್ತವೆ. ಅಂಗಡಿಯವರು ಬ್ಯಾಂಕನ್ನೋ ಜಾಲಸಂಪರ್ಕವನ್ನೋ ದೂರುತ್ತಾರೆ. ಮೂಲ ಆಂಡ್ರಾಯ್ಡ್‌ನಲ್ಲಿಯೂ ಬ್ಯಾಟರಿ ಉಳಿತಾಯದ ನಿಯಮಗಳಿವೆ. ಆದರೆ ಅವು ಪ್ರಕಟವಾದ, ಆಪ್ ತಯಾರಿಸುವವರಿಗೆ ಮೊದಲೇ ತಿಳಿದಿರುವ ನಿಯಮಗಳು. ತಯಾರಕರು ತಮ್ಮದಾಗಿ ಸೇರಿಸಿದವು ಒಂದೊಂದು ಫೋನಿನಲ್ಲಿ ಒಂದೊಂದು ಬಗೆ. ಇಂತಹ ಫೋನನ್ನು ಈಗಾಗಲೇ ಬಳಸುತ್ತಿರುವವರು ಸೆಟ್ಟಿಂಗ್‌ಗಳಲ್ಲಿ ಬ್ಯಾಟರಿ ವಿಭಾಗಕ್ಕೆ ಹೋಗಿ, ಪಾವತಿ ಹಾಗೂ ಹಾಜರಾತಿ ಆಪ್‌ಗಳಿಗೆ ನಿರ್ಬಂಧವಿಲ್ಲದೆ ನಡೆಯಲು ಅನುಮತಿ ನೀಡುವುದು ಒಳಿತು. ‘ಆಟೋಸ್ಟಾರ್ಟ್’ ಎಂಬ ಪ್ರತ್ಯೇಕ ಆಯ್ಕೆಯಿದ್ದರೆ ಅದನ್ನೂ ಚಾಲನೆಗೊಳಿಸಬೇಕು.

ಆರೇಳು ಮಂದಿ ನೌಕರರಿರುವ ಸಂಸ್ಥೆಗೆ ಏಕರೂಪತೆಯೂ ಒಂದು ಲಾಭ. ಮೂಲ ತಂತ್ರಾಂಶದಲ್ಲಿ ಆಯ್ಕೆಗಳು ಇರುವ ಸ್ಥಳವು ತಯಾರಕರು ಬದಲಾದರೂ ಬಹುಪಾಲು ಒಂದೇ. ಕನ್ನಡದಲ್ಲಿ ಒಂದು ಪುಟದ ಸೂಚನೆಯನ್ನು ಬರೆದು ಗೋಡೆಗೆ ಅಂಟಿಸಿದರೆ ಎಲ್ಲರಿಗೂ ಅದೇ ಸಾಕಾಗುತ್ತದೆ.

ಖರ್ಚಿನ ಲೆಕ್ಕ

ರೂ. 15,000 ಬೆಲೆಯ ಫೋನು ಮೂರು ವರ್ಷಕ್ಕೆ ತಂತ್ರಾಂಶದ ಬೆಂಬಲ ಕಳೆದುಕೊಂಡರೆ ವರ್ಷದ ಖರ್ಚು ರೂ. 5,000. ಅದೇ ಬೆಲೆಯ ಫೋನಿಗೆ ಐದು ವರ್ಷ ಬೆಂಬಲವಿದ್ದರೆ ವರ್ಷಕ್ಕೆ ರೂ. 3,000. ಆರು ಫೋನುಗಳನ್ನು ಹೊಂದಿರುವ ಸಣ್ಣ ಉದ್ದಿಮೆಗೆ ವರ್ಷಕ್ಕೆ ರೂ. 12,000 ವ್ಯತ್ಯಾಸ. ಬೆಂಬಲ ಮುಗಿದ ಫೋನು ಮರುದಿನವೇ ಕೆಟ್ಟುಹೋಗುವುದಿಲ್ಲ ಎಂಬುದು ನಿಜ. ಆದರೆ ತೀರ ಹಳೆಯ ಆವೃತ್ತಿಗಳಲ್ಲಿ ಬ್ಯಾಂಕ್ ಹಾಗೂ ಯುಪಿಐ ಆಪ್‌ಗಳು ಕ್ರಮೇಣ ಕೆಲಸ ಮಾಡುವುದನ್ನು ನಿಲ್ಲಿಸುತ್ತವೆ, ಅಲ್ಲಿಯವರೆಗೆ ದುರಸ್ತಿಯಾಗದ ದೋಷಗಳೊಂದಿಗೆ ಹಣದ ವ್ಯವಹಾರ ನಡೆಸಬೇಕಾಗುತ್ತದೆ. ಇನ್ನೊಂದು ಮಾತು: 2020ರ ಏಪ್ರಿಲ್ 1ರಿಂದ ಮೊಬೈಲ್ ಫೋನಿನ ಮೇಲಿನ ಜಿಎಸ್‌ಟಿ ಶೇ. 18 ಆಗಿದೆ. ನೋಂದಾಯಿತ ವರ್ತಕರು ವ್ಯವಹಾರದ ಬಳಕೆಗೆ ಸಂಸ್ಥೆಯ ಹೆಸರಿನಲ್ಲಿ, ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲಿನೊಂದಿಗೆ ಕೊಂಡಲ್ಲಿ ಹೂಡುವಳಿ ತೆರಿಗೆಯ ಜಮೆಗೆ ಅವಕಾಶವಿರುತ್ತದೆ. ಫೋನನ್ನು ಮನೆಯವರ ಹೆಸರಿನಲ್ಲಿ ಕೊಂಡು ಈ ಜಮೆಯನ್ನು ಕಳೆದುಕೊಳ್ಳುವವರು ಅನೇಕರಿದ್ದಾರೆ.

ಮಾರ್ಪಾಡಿನ ಪರವಾದ ವಾದ

ಮಾರ್ಪಡಿಸಿದ ತಂತ್ರಾಂಶದಿಂದ ಪ್ರಯೋಜನವೇ ಇಲ್ಲವೆಂದು ಹೇಳುವುದು ನ್ಯಾಯವಲ್ಲ. ಒಂದೇ ಫೋನಿನಲ್ಲಿ ಎರಡು ವಾಟ್ಸಾಪ್ ಖಾತೆ, ಕರೆಯ ಧ್ವನಿಮುದ್ರಣ, ಪರದೆಯ ಚಿತ್ರೀಕರಣ ಮೊದಲಾದವು ಮೊದಲು ಕಾಣಿಸಿಕೊಂಡದ್ದು ಇಂತಹ ತಂತ್ರಾಂಶಗಳಲ್ಲಿಯೇ. ನಂತರ ಇವುಗಳಲ್ಲಿ ಕೆಲವು ಎಲ್ಲೆಡೆ ಲಭ್ಯವಾದವು. ವಾಟ್ಸಾಪ್ ಸಂಸ್ಥೆಯೇ 2023ರ ಅಕ್ಟೋಬರ್‌ನಲ್ಲಿ ಎರಡು ಖಾತೆಗಳ ಸೌಲಭ್ಯವನ್ನು ಪ್ರಕಟಿಸಿತು. ಭಾರತೀಯ ಭಾಷೆಗಳಿಗಾಗಿಯೇ ರೂಪಿತವಾದ ಇಂಡಸ್ ಓಎಸ್ ಸಹ ಒಂದು ಮಾರ್ಪಡಿಸಿದ ಆಂಡ್ರಾಯ್ಡ್ ಆಗಿತ್ತು. ಅದನ್ನು ಕೊಂಡುಕೊಂಡ ಬೆಂಗಳೂರಿನ ಫೋನ್‌ಪೇ ಸಂಸ್ಥೆಯು 2024ರ ಫೆಬ್ರವರಿಯಲ್ಲಿ ಇಂಡಸ್ ಆಪ್‌ಸ್ಟೋರನ್ನು ಆರಂಭಿಸಿತು. ಕೆಲಸಗಾರರ ಫೋನುಗಳನ್ನು ಒಂದೆಡೆಯಿಂದ ನಿಯಂತ್ರಿಸಬೇಕೆನ್ನುವ ದೊಡ್ಡ ಕಾರ್ಖಾನೆಗೆ ಸ್ಯಾಮ್‌ಸಂಗ್‌ನ ನಾಕ್ಸ್ ಭದ್ರತಾ ವ್ಯವಸ್ಥೆಯು ಉಪಯುಕ್ತವೆಂಬುದನ್ನೂ ಒಪ್ಪಬೇಕು.

ನವೀಕರಣದ ಅವಧಿಯಲ್ಲಿಯೂ ಹಳೆಯ ಅಂತರ ಕಿರಿದಾಗುತ್ತಿದೆ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ ಏಳು ವರ್ಷಗಳ ನವೀಕರಣದ ಭರವಸೆ ನೀಡಿದರೆ, ಮೂರೇ ತಿಂಗಳಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ ಅಷ್ಟೇ ಅವಧಿಯನ್ನು ಘೋಷಿಸಿತು. ಆದರೆ ಇವೆರಡೂ ದುಬಾರಿ ಫೋನುಗಳು. ಸಣ್ಣ ವರ್ತಕನು ಕೊಳ್ಳುವ ಹತ್ತರಿಂದ ಇಪ್ಪತ್ತು ಸಾವಿರದ ದರ್ಜೆಯಲ್ಲಿ ತಯಾರಕರ ನಡುವೆ, ಒಬ್ಬನೇ ತಯಾರಕನ ಮಾದರಿಗಳ ನಡುವೆಯೂ ವ್ಯತ್ಯಾಸ ಬಹಳವಾಗಿದೆ. ಈ ದರ್ಜೆಯಲ್ಲಿ ಮೂಲಕ್ಕೆ ಸಮೀಪದ ತಂತ್ರಾಂಶ ಬೇಕೆಂದರೆ ಮೊಟೊರೊಲಾ ಹಾಗೂ ಸ್ವದೇಶಿ ಲಾವಾ ಸಂಸ್ಥೆಗಳ ಫೋನುಗಳನ್ನು ನೋಡಬಹುದು.

ಮೂಲ ತಂತ್ರಾಂಶವೆಂದರೆ ಗೂಗಲ್‌ನ ಹಂಗಿಲ್ಲದ್ದು ಎಂಬ ಭ್ರಮೆಯೂ ಬೇಡ. ತನ್ನ ಆಪ್‌ಗಳ ಇಡೀ ಗುಂಪನ್ನು ತಯಾರಕರ ಮೇಲೆ ಹೇರಿದುದೂ ಸೇರಿದಂತೆ ಹಲವು ಕಾರಣಗಳಿಗಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಗೂಗಲ್‌ಗೆ ರೂ. 1,337.76 ಕೋಟಿ ದಂಡ ವಿಧಿಸಿತು. ಆಪ್‌ಗಳನ್ನು ಬಿಡಿಬಿಡಿಯಾಗಿ ಪಡೆಯಲು ತಯಾರಕರಿಗೆ ಅವಕಾಶ ಕೊಡುವುದಾಗಿ 2023ರ ಜನವರಿಯಲ್ಲಿ ಸಂಸ್ಥೆಯು ಪ್ರಕಟಿಸಿತು. ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದು ಕೆಲವು ನಿರ್ದೇಶನಗಳನ್ನು ಮಾತ್ರ ರದ್ದುಪಡಿಸಿತು.

ಖರೀದಿಯ ಸಮಯದಲ್ಲಿ

ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಫೋನನ್ನು ಕೈಗೆತ್ತಿಕೊಂಡು ಸೆಟ್ಟಿಂಗ್‌ಗಳಲ್ಲಿ ‘ಫೋನ್ ಕುರಿತು’ ಎಂಬ ಭಾಗವನ್ನು ತೆರೆದರೆ ಆಂಡ್ರಾಯ್ಡ್ ಆವೃತ್ತಿಯೂ ಕೊನೆಯ ಭದ್ರತಾ ತಿದ್ದುಪಡಿಯ ದಿನಾಂಕವೂ ಕಾಣುತ್ತವೆ. ಆ ದಿನಾಂಕವು ಆರು ತಿಂಗಳಷ್ಟು ಹಿಂದಿನದಾಗಿದ್ದರೆ, ಹೊಸ ನವೀಕರಣ ಬಂದಿದೆಯೇ ಎಂದು ಅಲ್ಲಿಯೇ ಪರೀಕ್ಷಿಸಬೇಕು; ಬಂದಿಲ್ಲವಾದರೆ ಆ ಮಾದರಿಯನ್ನು ಬಿಡುವುದೇ ಲೇಸು. ನವೀಕರಣದ ವರ್ಷಗಳನ್ನು ಸಾಮಾನ್ಯವಾಗಿ ಲೆಕ್ಕಹಾಕುವುದು ಮಾದರಿಯು ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ದಸರಾ, ದೀಪಾವಳಿಯ ರಿಯಾಯಿತಿಯಲ್ಲಿ ದೊರೆಯುವ ಎರಡು ವರ್ಷ ಹಳೆಯ ಮಾದರಿಗೆ ನಾಲ್ಕು ವರ್ಷದ ಭರವಸೆಯಿದ್ದರೆ ನಮಗೆ ಉಳಿಯುವುದು ಎರಡೇ ವರ್ಷ. ರಿಯಾಯಿತಿಯು ಆ ಪ್ರಮಾಣದಲ್ಲಿ ಇದೆಯೇ ಎಂದು ನೋಡಬೇಕು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮವು ಮಾದರಿಯ ಮಾರಾಟ ನಿಂತ ಮೇಲೆಯೂ ಐದು ವರ್ಷ ನವೀಕರಣ ಒದಗಿಸಬೇಕೆಂದು ವಿಧಿಸಿದೆ. ಅದೇ ಮಾದರಿಯು ಇಲ್ಲಿಯೂ ಮಾರಾಟದಲ್ಲಿದ್ದರೆ ನಮಗೂ ಅದರ ಪ್ರಯೋಜನ ದೊರೆಯುವ ಸಂಭವವುಂಟಾದರೂ ಅದು ಹಕ್ಕಲ್ಲ.

ನವೀಕರಣ ನಿಂತುಹೋದ ಫೋನು ಈಗಾಗಲೇ ಕೈಯಲ್ಲಿದ್ದರೆ ಅದರಿಂದ ಬ್ಯಾಂಕ್ ಮತ್ತು ಯುಪಿಐ ಆಪ್‌ಗಳನ್ನು ತೆಗೆದು, ಒಟಿಪಿ ಬರುವ ಸಿಮ್ಮನ್ನು ಬೇರೆ ಫೋನಿಗೆ ವರ್ಗಾಯಿಸಿ, ಗೋದಾಮಿನಲ್ಲಿ ದಾಸ್ತಾನಿನ ಚಿತ್ರ ತೆಗೆಯುವುದಕ್ಕೋ ಬಾರ್‌ಕೋಡ್ ಓದುವುದಕ್ಕೋ ಬಳಸಿಕೊಳ್ಳಬಹುದು. ಮಾರುವುದಾದಲ್ಲಿ ಗೂಗಲ್ ಖಾತೆಯನ್ನು ಮೊದಲು ತೆಗೆದುಹಾಕಿ, ನಂತರ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಈ ಕ್ರಮವು ಹಿಂದುಮುಂದಾದರೆ ಕೊಂಡವನು ಹಳೆಯ ಖಾತೆಯ ಗುಪ್ತಪದಕ್ಕಾಗಿ ಮರಳಿ ಅಂಗಡಿಗೇ ಬರಬೇಕಾಗುತ್ತದೆ.